ದ್ವೀಪದ ಯಾವ ಮಗ್ಗುಲು?

ಕೊಯ್ಲು ಮುಗಿದು ಕಣದ ಕಾಫಿ ಮೂಟೆ ಸೇರಿತೆಂದರೆ ಚಿಕ್ಕಮಗಳೂರಿನ ನನ್ನ ಪ್ರವಾಸ ಕಚೇರಿಗೆ ತೋಟದವರು ಬರತೊಡಗುತ್ತಾರೆ. ಯುರೋಪಿನಲ್ಲಿರುವ ಮಕ್ಕಳನ್ನು ನೋಡಲು ಹೊರಟವರಲ್ಲಿ ಕೆಲವರು ಈಗ ಟೆನೆರೀಫ್ ಕೇಳುತ್ತಾರೆ. ಆಫ್ರಿಕಾದ ಕರಾವಳಿಯಾಚೆ, ಅಟ್ಲಾಂಟಿಕ್ ಸಾಗರದಲ್ಲಿರುವ ಸ್ಪೇನಿನ ಜ್ವಾಲಾಮುಖಿ ದ್ವೀಪ ಅದು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾದ ವಿಷಯ ಮಕ್ಕಳೇ ಹೇಳಿರುತ್ತಾರೆ, ಅದು ಬಿಡಿ.

ನನ್ನ ತಕರಾರು ಒಂದೇ. ‘ವರ್ಷವಿಡೀ ಹಿತವಾದ ಹವೆ’ ಎಂದರೆ ಎಲ್ಲರೂ ‘ದ್ವೀಪವಿಡೀ ಒಂದೇ ಹವೆ’ ಎಂದುಕೊಂಡು ಹಣ ಕಟ್ಟಿಬಿಡುತ್ತಾರೆ.

ಮೂಡಿಗೆರೆಯಲ್ಲಿ ಜಡಿಮಳೆ ಹಿಡಿದಾಗ ಕಡೂರಿನ ರೈತ ಮುಗಿಲು ನೋಡುತ್ತಿರುತ್ತಾನೆ. ಇದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ. ಅಲ್ಲಿಯದೂ ಅದೇ ಲೆಕ್ಕ. ದ್ವೀಪದ ನಡುವೆ ನಿಂತ ಟೇಡೆ ಜ್ವಾಲಾಮುಖಿಯ ಎತ್ತರ 3,715 ಮೀಟರ್, ಹೆಚ್ಚುಕಡಿಮೆ ಎರಡು ಮುಳ್ಳಯ್ಯನಗಿರಿ. ನಮಗೆ ನೈಋತ್ಯದಿಂದ ಮಳೆ ಬಂದರೆ ಅಲ್ಲಿ ಗಾಳಿ ಈಶಾನ್ಯದಿಂದ ಕಡಲಿನ ತೇವ ಹೊತ್ತು ಬಂದು ಉತ್ತರದ ಇಳಿಜಾರಿಗೆ ಬಡಿಯುತ್ತದೆ. ಆ ಕಡೆ ಮೋಡ, ಹಸಿರು, ಬಾಳೆತೋಟ. ದಕ್ಷಿಣ ಮಳೆ ನೆರಳಿನ ಸೀಮೆ. ಒಣ ನೆಲ, ಕಳ್ಳಿ, ಬಿಸಿಲು. ಜನವರಿಯಲ್ಲೂ ದಕ್ಷಿಣದ ಕಡಲತೀರದಲ್ಲಿ ಹಗಲು ಸಾಮಾನ್ಯವಾಗಿ 20 ಡಿಗ್ರಿ ಮುಟ್ಟುತ್ತದೆ. ಅದೇ ದಿನ ಟೇಡೆಯ ನೆತ್ತಿಯ ಮೇಲೆ ಹಿಮ ಬಿದ್ದಿರಬಹುದು.

ಮೂಡಿಗೆರೆ ಕಡೆಯ ದಂಪತಿ ಒಂದು ಫೆಬ್ರುವರಿಯಲ್ಲಿ ಉತ್ತರ ತೀರದ ಪುಯೆರ್ತೊ ದೆ ಲಾ ಕ್ರೂಸ್‌ನಿಂದ ಫೋನ್ ಮಾಡಿದರು. ಹೋಟೆಲನ್ನು ತಾವೇ ಮೊಬೈಲಿನಲ್ಲಿ ಗೊತ್ತುಮಾಡಿಕೊಂಡಿದ್ದರು. “ಮೂರು ದಿನದಿಂದ ಬರೀ ಸೋನೆ ಮಾರಾಯರೇ, ಇದಕ್ಕೆ ಇಷ್ಟು ದೂರ ಬರಬೇಕಿತ್ತೇ?” ಬಾಲ್ಕನಿಯಲ್ಲಿ ಹರವಿದ ಪಂಚೆ ಇನ್ನೂ ಒಣಗಿಲ್ಲ ಎಂದು ಅವರ ಮನೆಯವರು ಹಿಂದಿನಿಂದ ಕೂಗಿದರು. ಬೆಳಿಗ್ಗೆಯೇ ದಕ್ಷಿಣದ ಬಸ್ ಹತ್ತಿ ಎಂದೆ. ಮರುದಿನ ಫೋಟೊ ಬಂತು: ಮೊಣಕಾಲಿನವರೆಗೆ ಮಡಿಚಿದ ಪ್ಯಾಂಟು, ಪಾದಕ್ಕೆ ಮೆತ್ತಿದ ಕಪ್ಪು ಮರಳು, ಬಿಸಿಲಿಗೆ ಕಿರಿದಾದ ಕಣ್ಣು. ಅದನ್ನು ಅಳಿಸದೆ ಇಟ್ಟುಕೊಂಡಿದ್ದೇನೆ.

ಹಾಗೆಂದು ಉತ್ತರ ಕೆಟ್ಟದ್ದಲ್ಲ. ನಡೆಯಲು, ತೋಟ ನೋಡಲು ನಾನಾದರೆ ಅಲ್ಲೇ ಉಳಿಯುತ್ತೇನೆ. ಬಿಸಿಲು ಬೇಕೆಂದು ಹೋಗುವವರು ಮಾತ್ರ ದಕ್ಷಿಣ ಹಿಡಿಯಿರಿ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ವಿಮಾನ ನಿಲ್ದಾಣವಿದೆ. ಟಿಕೆಟ್ ಯಾವುದಕ್ಕೆಂದು ನೋಡಿಕೊಳ್ಳಿ.

ಇನ್ನು ಟೇಡೆ. ಕೇಬಲ್ ಕಾರು ಕೆಲವೇ ನಿಮಿಷಗಳಲ್ಲಿ 3,555 ಮೀಟರಿಗೆ ಏರಿಸುತ್ತದೆ. ಹೃದಯದ, ಉಸಿರಾಟದ ತೊಂದರೆಯಿರುವ ಹಿರಿಯರನ್ನು ಕರೆದೊಯ್ಯುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ. ಆ ಒಪ್ಪಿಗೆ ನಾನು ಕೊಡುವಂಥದ್ದಲ್ಲ. ಗಾಳಿ ಜೋರಾದರೆ ಕಾರು ನಿಲ್ಲುತ್ತದೆ, ಆದ್ದರಿಂದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಕಡಲತೀರದ ಅಂಗಿಯಲ್ಲೇ ಹತ್ತಿ ಮೇಲೆ ನಡುಗಿದವರನ್ನು ಬಲ್ಲೆ.

ಬೆಂಕಿಯ ಭಯವನ್ನೂ ಕೇಳುತ್ತಾರೆ. 2021ರಲ್ಲಿ ಸಿಡಿದದ್ದು ಪಕ್ಕದ ಲಾ ಪಾಲ್ಮಾ ದ್ವೀಪ. ಟೆನೆರೀಫ್‌ನಲ್ಲಿ ಕೊನೆಯ ಸ್ಫೋಟವಾದದ್ದು 1909ರಲ್ಲಿ. ಮುಂದೆ ಆಗುವುದಿಲ್ಲವೆಂದು ಬರೆದುಕೊಡಲಾರೆ, ಆದರೆ ಅಲ್ಲಿನ ವಿಜ್ಞಾನಿಗಳು ನೆಲದ ಕಂಪನವನ್ನು ಹಗಲಿರುಳು ಅಳೆಯುತ್ತಿರುತ್ತಾರೆ.

ಹೋಟೆಲಿಗೆ ಹಣ ಕಟ್ಟುವ ಮುನ್ನ ಆ ಊರಿನ ಹೆಸರೊಂದನ್ನು ನನಗೆ ಕಳುಹಿಸಿ. ಅದು ಮೂಡಿಗೆರೆಯೋ ಕಡೂರೋ ಎಂದು ಹೇಳುತ್ತೇನೆ, ಅದಕ್ಕೆ ಶುಲ್ಕವಿಲ್ಲ.