ಜರ್ಮನ್ ಕೋವಿಗೆ ತೋಟಾ ಹುಡುಕುವ ಮುನ್ನ

ಚಿಕ್ಕಮಗಳೂರು, ಸಕಲೇಶಪುರದ ಎಸ್ಟೇಟ್ ಮನೆಗಳಿಂದ ಬೆಂಗಳೂರಿಗೆ ಬಂದಿರುವ ಹಳೆಯ ಮೌಸರ್ ರೈಫಲ್‌ಗಳಲ್ಲಿ ಎಷ್ಟೋ ಲೈಸೆನ್ಸ್ ಪುಸ್ತಕದಲ್ಲಿ ಬರೀ ‘8 ಎಂಎಂ ರೈಫಲ್’ ಎಂದಷ್ಟೇ ದಾಖಲಾಗಿರುತ್ತವೆ. ಅದನ್ನು ನಂಬಿ ಅಂಗಡಿಗೆ ಹೋದರೆ ಕೌಂಟರಿಗೆ ಬರುವುದು ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯ .315 ತೋಟಾ. ಅದನ್ನೂ 8 ಎಂಎಂ ಎಂದೇ ಕರೆಯುತ್ತಾರೆ, ಆದರೆ ಅದು ನಿಮ್ಮ ಕೋವಿಯದಲ್ಲ. ಅದು ಮೂಲತಃ ಆಸ್ಟ್ರಿಯಾದ ಮ್ಯಾನ್‌ಲಿಷರ್ ತೋಟಾ: ಮದ್ದು ತುಂಬುವ ಹಿತ್ತಾಳೆ ಕೊಳವೆಯ ಉದ್ದ 50 ಮಿ.ಮೀ., ಬುಡದಲ್ಲಿ ಸುಮಾರು 14 ಮಿ.ಮೀ. ಅಗಲದ ಅಂಚು. ಮೌಸರ್ ತೋಟಾದ ಕೊಳವೆ 57 ಮಿ.ಮೀ., ಬುಡ 12 ಮಿ.ಮೀ. ಮಾತ್ರ, ಹೊರಚಾಚಿದ ಅಂಚಿಲ್ಲ. ತೋಟಾದ ಬುಡ ಕೂರುವ ಬೋಲ್ಟಿನ ಮುಖವನ್ನು ಕೊರೆದು ಹೊಂದಿಸಿಕೊಡುತ್ತೇವೆ ಎನ್ನುವವರ ಕೈಗೆ ಕೋವಿ ಕೊಡಬೇಡಿ. ಕೋವಿ ಹಾಳಾಗುವುದಲ್ಲದೆ, ಲೈಸೆನ್ಸ್ ಇಲ್ಲದವರು ಮಾಡುವ ಇಂಥ ಮಾರ್ಪಾಡು ಆಯುಧ ಕಾಯ್ದೆಯ 5ನೇ ಸೆಕ್ಷನ್ನಿನಡಿ ಅಪರಾಧ.

ಇನ್ನೊಂದು ಗೊಂದಲ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅಲ್ಲಿ ತಪ್ಪು ತೋಟಾ ಸಲೀಸಾಗಿ ಒಳಗೆ ಕೂರಬಹುದು. ಈ 8 ಎಂಎಂ ಮೌಸರ್ ತೋಟಾದಲ್ಲಿ, ಅಂದರೆ 8×57ರಲ್ಲಿ, ಎರಡು ಬಗೆ. ಹಳೆಯ ‘ಜೆ’ ಬಗೆಯಲ್ಲಿ ಗುಂಡಿನ ಅಡ್ಡಳತೆ .318 ಇಂಚು. 1905ರಲ್ಲಿ ಜರ್ಮನ್ ಸೇನೆ ತಂದ ‘ಎಸ್’ ಬಗೆಯದು .323. ಸೇನೆ ಬದಲಾದ ಮೇಲೂ ಬೇಟೆ ಕೋವಿ ತಯಾರಕರು ದಶಕಗಳ ಕಾಲ ಹಳೆಯ ಅಳತೆಯನ್ನೇ ಮುಂದುವರಿಸಿದರು. ವ್ಯತ್ಯಾಸ 0.13 ಮಿ.ಮೀ. ಅಷ್ಟೇ. ಆದರೆ .318ರ ನಳಿಗೆಯೊಳಗೆ .323ರ ಗುಂಡನ್ನು ತುರುಕಿದರೆ ಒತ್ತಡ ಏರಿ ಬೋಲ್ಟ್ ಬಿಗಿಯುತ್ತದೆ, ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ತೂತಾಗುತ್ತದೆ, ಬಿಸಿ ಅನಿಲ ಕಣ್ಣಿನತ್ತ ನುಗ್ಗುತ್ತದೆ. ಅಮೆರಿಕದ ಕಂಪನಿಗಳು ‘8 ಎಂಎಂ ಮೌಸರ್’ ತೋಟಾಕ್ಕೆ ಇದೇ ಭಯದಿಂದ ಕಡಿಮೆ ಮದ್ದು ತುಂಬುತ್ತವೆ. ಹಾಗೆಂದು ಅದು .318ಕ್ಕೆ ಸರಿಹೊಂದುವ ತೋಟಾವೇನಲ್ಲ.

ಗುರುತು ಮೊದಲು ನೋಡಿ. ಮರದ ಹಿಡಿಯಿಂದ ನಳಿಗೆ ಬಿಚ್ಚಿದರೆ ಅಡಿಭಾಗದಲ್ಲಿ ಪರೀಕ್ಷಾ ಮುದ್ರೆಗಳಿರುತ್ತವೆ: ಕಿರೀಟ, ಹೊಗೆರಹಿತ ಮದ್ದಿನ ಪರೀಕ್ಷೆಯನ್ನು ಸೂಚಿಸುವ ‘ಎನ್’, ಕೆಲವದರಲ್ಲಿ ‘5.27’ ಎಂಬಂತೆ ತಿಂಗಳು ಮತ್ತು ವರ್ಷ. ‘ಎಸ್’ ಕಾಣದೆ ಬರೀ 8×57 ಎಂದಿದ್ದರೆ .318 ಎಂದೇ ಭಾವಿಸಿ, ಆಮೇಲೆ ಅಳೆಯಿರಿ.

ಅಳೆಯುವುದು ಕಷ್ಟವಲ್ಲ. ಕೋವಿ ಖಾಲಿಯೆಂದು ಖಚಿತಪಡಿಸಿಕೊಂಡು ಬೋಲ್ಟ್ ತೆಗೆಯಿರಿ. ನಳಿಗೆ ಒರೆಸಿ ತೆಳುವಾಗಿ ಎಣ್ಣೆ ಹಚ್ಚಿ. 8.5 ಮಿ.ಮೀ.ನಷ್ಟು ದಪ್ಪದ ಮೆತ್ತನೆಯ ಶುದ್ಧ ಸೀಸದ ಗುಂಡನ್ನು ನಳಿಗೆಯ ಬಾಯಿಯ ಕಡೆಯಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ಒಳಸೇರಿಸಿ, ಟೇಪ್ ಸುತ್ತಿದ ಹಿತ್ತಾಳೆ ಸರಳಿನಿಂದ ಹಿಂದಕ್ಕೆ ನೂಕಿ ಹೊರತೆಗೆಯಿರಿ. ಸೀಸದ ಮೇಲೆ ಮೂಡಿದ ಉಬ್ಬುಗಳ ನಡುವಿನ ಅಡ್ಡಳತೆ 8.07ರ ಆಸುಪಾಸಿದ್ದರೆ ‘ಜೆ’, 8.20 ಇದ್ದರೆ ‘ಎಸ್’. ಅಗ್ಗದ ವರ್ನಿಯರ್ ಇದಕ್ಕೆ ಸಾಲದು, ಮೈಕ್ರೋಮೀಟರ್ ಬೇಕು. ಪೀಣ್ಯದ ಯಾವುದೇ ಟೂಲ್‌ರೂಮಿನಲ್ಲಿ ಅಳೆಸಬಹುದು. ಸೀಸದ ತುಣುಕನ್ನಷ್ಟೇ ಒಯ್ಯಿರಿ, ಕೋವಿಯನ್ನಲ್ಲ. ಬೋಲ್ಟ್ ಮೇಲಿನ ನಂಬರ್ ಕೋವಿಯ ನಂಬರಿಗೆ ಹೊಂದದಿದ್ದರೆ ಬೋಲ್ಟ್ ಮುಚ್ಚಿದಾಗ ತೋಟಾಕ್ಕೆ ಉಳಿಯುವ ಜಾಗವನ್ನು ಪರೀಕ್ಷಿಸುವ ಹೆಡ್‌ಸ್ಪೇಸ್ ಗೇಜ್ ಹಾಕಿ ನೋಡಿಸದೆ ಒಂದು ಗುಂಡನ್ನೂ ಹಾರಿಸಬೇಡಿ.

7×57 ಕೋವಿ ಇದ್ದವರಿಗೆ ಸ್ವಲ್ಪ ಅದೃಷ್ಟ: ಇಂಗ್ಲಿಷರು .275 ರಿಗ್ಬಿ ಎಂದದ್ದೂ ಅದೇ ತೋಟಾ, ಆ ಹೆಸರಿನಲ್ಲೂ ಹುಡುಕಬಹುದು. ಮೂರು ನಳಿಗೆಯ ‘ಡ್ರಿಲಿಂಗ್’ ಕೋವಿ ಇದ್ದರೆ ಚರೆ ನಳಿಗೆಗಳಲ್ಲಿ ತೋಟಾ ಕೂರುವ ಚೇಂಬರಿನ ಉದ್ದ ನೋಡಿ. ಯುದ್ಧಪೂರ್ವದ 16 ಬೋರ್‌ನಲ್ಲಿ 65 ಮಿ.ಮೀ. ಸಾಮಾನ್ಯ, ಅದಕ್ಕೆ 70 ಮಿ.ಮೀ. ತೋಟಾ ಹಾಕಬಾರದು.

ಯುರೋಪಿನಲ್ಲಿ ಈ ತೋಟಾಗಳಲ್ಲಿ ಹಲವು ಇಂದಿಗೂ ತಯಾರಾಗುತ್ತವೆ. ಆದರೆ ಲೈಸೆನ್ಸ್ ಇಲ್ಲದೆ ತರಿಸಿದರೆ ಆಯುಧ ಕಾಯ್ದೆಯ 10ನೇ ಸೆಕ್ಷನ್ ಕಾದಿರುತ್ತದೆ. ಮನೆಯಲ್ಲೇ ಮದ್ದು ತುಂಬಿಕೊಳ್ಳುವುದೂ ತಯಾರಿಕೆಯೇ, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಉಳಿಯುವುದು ಡೀಲರ್‌ಗಳ ಹಳೆಯ ದಾಸ್ತಾನು, ಇಲ್ಲವೇ ಅದೇ ಬೋರಿನ ಇನ್ನೊಬ್ಬ ಲೈಸೆನ್ಸುದಾರರಲ್ಲಿ ಉಳಿದದ್ದು. ಎರಡನೆಯದಕ್ಕೆ, ಕೊಡುವವರು ಲೈಸೆನ್ಸ್ ಅಧಿಕಾರಿಗೋ ಹತ್ತಿರದ ಠಾಣೆಗೋ 45 ದಿನ ಮೊದಲೇ ಲಿಖಿತವಾಗಿ ತಿಳಿಸಬೇಕು. ಬರೀ ‘8 ಎಂಎಂ’ ಎಂಬ ನಮೂದನ್ನು ಅದಕ್ಕೂ ಮುಂಚೆ ತಿದ್ದಿಸಿಕೊಳ್ಳಿ. ಪುಸ್ತಕ, ನಳಿಗೆ, ತೋಟಾ ಡಬ್ಬಿ ಮೂರರಲ್ಲೂ ಒಂದೇ ಬೋರ್ ಇರಬೇಕು.

ಹಳೆಯ ತೋಟಾ ಸಿಕ್ಕಿದರೆ ಕುತ್ತಿಗೆಯಲ್ಲಿ ಕೂದಲೆಳೆಯ ಬಿರುಕು, ಬುಡದಲ್ಲಿ ಹಸಿರು ಕಿಲುಬು ಹುಡುಕಿ. ಕಂಡದ್ದನ್ನು ಬದಿಗಿಡಿ. ಉಳಿದವುಗಳ ಪ್ರೈಮರ್ ಕ್ಲೋರೇಟ್ ಬಗೆಯದಿರಬಹುದು. ಹಾರಿಸಿದ ಮೇಲೆ ನಳಿಗೆಯಲ್ಲಿ ಉಪ್ಪು ಕೂರುತ್ತದೆ, ಎಣ್ಣೆಗೆ ಅದು ಕರಗುವುದಿಲ್ಲ. ಅವತ್ತೇ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಮಳೆಗಾಲದಲ್ಲಿ ಇದನ್ನು ನಾಳೆಗೆ ಬಿಟ್ಟರೆ ತುಕ್ಕು ಹಿಡಿದಿರುತ್ತದೆ. ಹಾರಿಸುವುದೂ ಶೂಟಿಂಗ್ ರೇಂಜಿನಲ್ಲಿ ಮಾತ್ರ; 1972ರ ವನ್ಯಜೀವಿ ಕಾಯ್ದೆಯಡಿ ಈಗ ಬೇಟೆಯ ಮಾತೇ ಇಲ್ಲ.

ತಂದೆ ತೀರಿಕೊಂಡು ಕೋವಿ ಮನೆಯಲ್ಲಿ ಉಳಿದಿದ್ದರೆ ಮೊದಲು ಠಾಣೆಯಲ್ಲೋ ಡೀಲರ್ ಬಳಿಯೋ ಜಮಾ ಮಾಡಿ ರಸೀದಿ ಪಡೆಯಿರಿ, ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಿ. ನಗರದಲ್ಲಿ ಅದು ಪೊಲೀಸ್ ಕಮಿಷನರ್ ಕಚೇರಿಗೆ. 2019ರ ತಿದ್ದುಪಡಿಯಂತೆ ಒಬ್ಬರಿಗೆ ಎರಡೇ ಕೋವಿ. ವಾರಸಿನಿಂದ ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. ಚುನಾವಣೆ ಸಮಯದಲ್ಲಿ ಜಮಾ ಮಾಡಲು ನೋಟಿಸ್ ಬಂದಾಗ ನಳಿಗೆಯೊಳಗೆ ದಪ್ಪಗೆ ಗ್ರೀಸ್ ಸವರಿ ಕೊಡಿ; ವಾಪಸ್ ತಂದ ದಿನವೇ ಅದನ್ನೆಲ್ಲ ಒರೆಸಿ ತೆಗೆಯಿರಿ, ಗ್ರೀಸ್ ತುಂಬಿದ ನಳಿಗೆಯಲ್ಲಿ ಹಾರಿಸಿದರೆ ನಳಿಗೆ ಉಬ್ಬುತ್ತದೆ. ತೋಟಾ ಸಿಗದೆ ಬೀರುವಿನಲ್ಲೇ ಉಳಿದ ಕೋವಿಗೂ ಐದು ವರ್ಷಕ್ಕೊಮ್ಮೆ ನವೀಕರಣ ತಪ್ಪದು. ಬೋಲ್ಟ್ ಬಿಚ್ಚಿಟ್ಟರೂ ಕಾನೂನಿನ ಕಣ್ಣಿಗೆ ಅದು ಕೋವಿಯೇ.