ಪಾಠ ಹೇಳುವ ವೈದ್ಯರು ಸಂಶೋಧಕರಾದ ಬಗೆ

ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಿಗೆ ರೋಗಿಗಳ ಆರೈಕೆ, ಸಂಶೋಧನೆ ಮತ್ತು ಬೋಧನೆ ಎಂಬ ಮೂರು ಹೊಣೆಗಳಿವೆ. ಆದರೆ ಬಡ್ತಿಯ ಪ್ರಶ್ನೆ ಬಂದಾಗ ಬಹುಕಾಲ ತೂಗಿದ್ದು ಸಂಶೋಧನೆಯೊಂದೇ, ಅದರಲ್ಲೂ ಪ್ರಯೋಗಾಲಯದಲ್ಲೋ ವಾರ್ಡಿನಲ್ಲೋ ನಡೆದ ಸಂಶೋಧನೆ. ಚೆನ್ನಾಗಿ ಪಾಠ ಹೇಳುವವರಿಗೆ ವಿದ್ಯಾರ್ಥಿಗಳ ಪ್ರೀತಿ ಸಿಗುತ್ತಿತ್ತು, ವಿದ್ವಾಂಸರೆಂಬ ಮನ್ನಣೆ ಸಿಗುತ್ತಿರಲಿಲ್ಲ. ಪುರಾವೆಯಿಲ್ಲದೆ ಹೊಸ ಔಷಧವೊಂದನ್ನು ಬರೆದುಕೊಡಲು ಹಿಂಜರಿಯುವ ವೈದ್ಯರೇ, ತಾವು ಕಲಿಸುವ ಕ್ರಮದ ಮಟ್ಟಿಗೆ ಮಾತ್ರ ತಮ್ಮ ಗುರುಗಳು ನಡೆದ ದಾರಿಯನ್ನು ಯಾವ ಪುರಾವೆಯನ್ನೂ ಕೇಳದೆ ಅನುಸರಿಸುತ್ತಿದ್ದರು.

ಈ ಸ್ಥಿತಿಗೆ 1910ರ ಫ್ಲೆಕ್ಸ್‌ನರ್ ವರದಿಯೂ ಒಂದು ಮಟ್ಟಿಗೆ ಕಾರಣ. ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಪರಿಶೀಲಿಸಿದ ಅಬ್ರಹಾಂ ಫ್ಲೆಕ್ಸ್‌ನರ್ ಸ್ವತಃ ವೈದ್ಯರಲ್ಲ, ಶಾಲಾ ಶಿಕ್ಷಕರಾಗಿದ್ದವರು. ಕೇವಲ ಉಪನ್ಯಾಸ ಕೇಳಿ ಬಾಯಿಪಾಠ ಮಾಡುವ ಕಲಿಕೆಯನ್ನು ಅವರು ಕಟುವಾಗಿಯೇ ಟೀಕಿಸಿದ್ದರು. ಆದರೆ ವರದಿಯ ನಂತರ ಎದ್ದು ಕಾಣುವಂತೆ ಬದಲಾದದ್ದು ಪ್ರವೇಶದ ಅರ್ಹತೆ, ಪ್ರಯೋಗಾಲಯಗಳು ಮತ್ತು ಸಂಶೋಧನೆಗೆ ಮುಡಿಪಾದ ಪೂರ್ಣಾವಧಿ ಅಧ್ಯಾಪಕರ ನೇಮಕ. ವಿದ್ಯಾರ್ಥಿ ನಿಜವಾಗಿ ಏನು ಕಲಿತ ಎಂಬುದನ್ನು ಅಳೆದು ನೋಡುವ ಕೆಲಸ ಇನ್ನೂ ಸುಮಾರು ಅರ್ಧ ಶತಮಾನ ಕಾಯಬೇಕಾಯಿತು.

ಆ ಕೆಲಸಕ್ಕೆ ವ್ಯವಸ್ಥಿತ ರೂಪ ಬಂದದ್ದು 1950ರ ದಶಕದಲ್ಲಿ, ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ವೈದ್ಯ ಜಾರ್ಜ್ ಮಿಲ್ಲರ್ ಶಿಕ್ಷಣ ವಿಭಾಗದ ತಜ್ಞರನ್ನು ವೈದ್ಯಕೀಯ ಅಧ್ಯಾಪಕರ ಜತೆ ಕೂರಿಸಿದರು. ರೋಗಿಯ ಬಗ್ಗೆ ವೈದ್ಯರು ಕೇಳುವ ಪ್ರಶ್ನೆಗಳನ್ನೇ ಬೋಧನೆಯ ಬಗ್ಗೆಯೂ ಕೇಳಬಹುದೆಂದು, ಅಂದರೆ ಗುರಿ ಯಾವುದು, ವಿಧಾನ ಯಾವುದು, ಫಲ ಸಿಕ್ಕಿತೆಂದು ತಿಳಿಯುವುದು ಹೇಗೆ ಎಂದು ವಿಚಾರಿಸಬಹುದೆಂದು, ಈ ಸಹವಾಸ ತೋರಿಸಿಕೊಟ್ಟಿತು. 1959ರಲ್ಲಿ ಮಿಲ್ಲರ್ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ತೆರಳಿ ವೈದ್ಯಕೀಯ ಶಿಕ್ಷಣದ ಸಂಶೋಧನೆಗೆಂದೇ ಒಂದು ಕಚೇರಿಯನ್ನು ಕಟ್ಟಿದರು. ಬಫಲೋದಲ್ಲಿ ಅವರ ಜತೆಗಿದ್ದ ಶಿಕ್ಷಣತಜ್ಞ ಸ್ಟೀಫನ್ ಅಬ್ರಹಾಂಸನ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರಿಗೆ ಜತೆಯಾದವರು ಹೋವರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು.

ವೈದ್ಯನೊಬ್ಬ ಶಿಕ್ಷಣದ ಸಂಶೋಧಕನಾಗುವುದೆಂದರೆ ಏನೆಂಬುದಕ್ಕೆ ಬ್ಯಾರೋಸ್ ಅವರ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಅವರು ಹಿಡಿದದ್ದು ಎಲ್ಲರ ಕಣ್ಣೆದುರಿಗಿದ್ದೂ ಯಾರೂ ಪ್ರಶ್ನಿಸದ ಸಮಸ್ಯೆಯನ್ನು. ವಿದ್ಯಾರ್ಥಿ ರೋಗಿಯನ್ನು ಪರೀಕ್ಷಿಸಿ ಬಂದು ಹೇಳಿದ ವರದಿಯನ್ನು ಕೇಳಿ ಅಧ್ಯಾಪಕರು ಅಂಕ ಕೊಡುತ್ತಿದ್ದರೇ ಹೊರತು, ಆತ ರೋಗಿಯ ಜತೆ ಹೇಗೆ ಮಾತಾಡಿದ, ಹೇಗೆ ಪರೀಕ್ಷಿಸಿದ ಎಂಬುದನ್ನು ನೋಡುತ್ತಲೇ ಇರಲಿಲ್ಲ. ಸಾಲದ್ದಕ್ಕೆ ಪರೀಕ್ಷೆಗೆ ಸಿಗುವ ರೋಗಿಗಳೆಲ್ಲ ಒಂದೇ ಬಗೆಯವರಲ್ಲ. ಒಬ್ಬ ವಿದ್ಯಾರ್ಥಿಗೆ ಸುಲಭದ ರೋಗಿ ಸಿಕ್ಕರೆ ಇನ್ನೊಬ್ಬನಿಗೆ ಕಠಿಣ ರೋಗಿ ಸಿಗುತ್ತಿದ್ದ, ಮತ್ತು ಬೆಳಗಿನಿಂದ ಹತ್ತು ಜನರಿಗೆ ಉತ್ತರ ಹೇಳಿ ದಣಿದ ರೋಗಿ ಹನ್ನೊಂದನೆಯವನಿಗೆ ಬೇರೆಯದನ್ನೇ ಹೇಳಬಹುದಿತ್ತು.

1963ರಲ್ಲಿ ಬ್ಯಾರೋಸ್ ಆರೋಗ್ಯವಂತ ಮಹಿಳೆಯೊಬ್ಬರಿಗೆ ನಿಜವಾದ ರೋಗಿಯೊಬ್ಬರ ಇತಿಹಾಸವನ್ನೂ ನರರೋಗದ ಲಕ್ಷಣಗಳನ್ನೂ ಅಭಿನಯಿಸಲು ತರಬೇತಿ ಕೊಟ್ಟರು. ಎಲ್ಲ ವಿದ್ಯಾರ್ಥಿಗಳೂ ಅವರನ್ನೇ ಪರೀಕ್ಷಿಸಿದರು, ಆಮೇಲೆ ಯಾರು ಏನು ಮಾಡಿದರು ಎಂಬುದನ್ನು ಆ ಮಹಿಳೆಯೇ ಪಟ್ಟಿಯೊಂದರಲ್ಲಿ ಗುರುತು ಹಾಕಿದರು. ಅಬ್ರಹಾಂಸನ್ ಜತೆ ಬರೆದ ಪ್ರಬಂಧ 1964ರಲ್ಲಿ ಪ್ರಕಟವಾಯಿತು. ಇದು ವೈದ್ಯಕೀಯವಲ್ಲ, ಹಾಲಿವುಡ್ ನಾಟಕ ಎಂಬ ಗೇಲಿಯೂ ನಡೆಯಿತು, ವಿಶ್ವವಿದ್ಯಾಲಯ ಇದ್ದದ್ದು ಲಾಸ್ ಏಂಜಲೀಸ್‌ನಲ್ಲಿ ಎಂಬುದು ಆ ಗೇಲಿಗೆ ಅನುಕೂಲವೇ ಆಯಿತು. ಆದರೆ ಹೊರಗಿನವರಿಗೆ ನಾಟಕವಾಗಿ ಕಂಡದ್ದು ವಾಸ್ತವದಲ್ಲಿ ಅಳತೆಯ ಸಾಧನವಾಗಿತ್ತು. ರೋಗಿಯನ್ನು ಬದಲಾಗದಂತೆ ಹಿಡಿದಿಟ್ಟಾಗ ಮಾತ್ರ ವಿದ್ಯಾರ್ಥಿಗಳ ನಡುವಿನ ವ್ಯತ್ಯಾಸ ಕಾಣುತ್ತದೆ ಎಂಬ ತರ್ಕ ಪ್ರಯೋಗಾಲಯದ ತರ್ಕವೇ ಆಗಿದೆ. ಮುಂದೆ ಬ್ಯಾರೋಸ್ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಹೋಗಿ, 1969ರಿಂದ ಅಲ್ಲಿ ನಡೆಯುತ್ತಿದ್ದ ಸಮಸ್ಯೆ ಆಧಾರಿತ ಕಲಿಕೆಯ, ಅಂದರೆ ರೋಗಿಯ ಸಮಸ್ಯೆಯೊಂದನ್ನು ಬಿಡಿಸುತ್ತಲೇ ವಿಷಯ ಕಲಿಯುವ ಕ್ರಮದ, ಪ್ರಮುಖ ಪ್ರತಿಪಾದಕರಾದರು.

ಒಬ್ಬ ರೋಗಿಯನ್ನು ಸ್ಥಿರಗೊಳಿಸಿದರೂ ಒಂದೇ ಪ್ರಕರಣದಿಂದ ವಿದ್ಯಾರ್ಥಿಯ ಸಾಮರ್ಥ್ಯವನ್ನು ತೀರ್ಮಾನಿಸಬಹುದೇ ಎಂಬ ಪ್ರಶ್ನೆ ಉಳಿದಿತ್ತು. ಆರ್ಥರ್ ಎಲ್‌ಸ್ಟೈನ್, ಲೀ ಶುಲ್ಮನ್ ಮತ್ತು ಸಾರಾ ಸ್ಪ್ರಾಫ್ಕಾ 1978ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಅಹಿತಕರ ಉತ್ತರ ಕೊಟ್ಟಿತು. ಒಂದು ಪ್ರಕರಣವನ್ನು ಚೆನ್ನಾಗಿ ಬಿಡಿಸಿದ ವೈದ್ಯ ಇನ್ನೊಂದನ್ನೂ ಹಾಗೆಯೇ ಬಿಡಿಸುತ್ತಾನೆಂಬ ಭರವಸೆ ಇರಲಿಲ್ಲ, ರೋಗನಿರ್ಣಯದ ಕೌಶಲ ಆಯಾ ವಿಷಯದ ಜ್ಞಾನಕ್ಕೆ ಅಂಟಿಕೊಂಡಿತ್ತು. ಇದಕ್ಕೆ ಮೂರು ವರ್ಷ ಮೊದಲೇ ಸ್ಕಾಟ್ಲೆಂಡಿನ ಡಂಡಿಯಲ್ಲಿ ವೈದ್ಯ ರೊನಾಲ್ಡ್ ಹಾರ್ಡನ್ ಮತ್ತು ಸಹೋದ್ಯೋಗಿಗಳು, ವಿದ್ಯಾರ್ಥಿಗಳು ನಿಗದಿತ ಸಮಯದಲ್ಲಿ ಒಂದರ ನಂತರ ಒಂದರಂತೆ ಹಲವು ನಿಲ್ದಾಣಗಳಲ್ಲಿ ಬೇರೆ ಬೇರೆ ಕೆಲಸ ಮಾಡುವ ಪರೀಕ್ಷಾ ಕ್ರಮವನ್ನು ಪ್ರಕಟಿಸಿದ್ದರು. ಒಎಸ್‌ಸಿಇ (ವಸ್ತುನಿಷ್ಠ ರಚನಾಬದ್ಧ ಕ್ಲಿನಿಕಲ್ ಪರೀಕ್ಷೆ) ಎಂದು ಇಂದು ಜಗತ್ತಿನೆಲ್ಲೆಡೆ ನಡೆಯುವ ಈ ಪರೀಕ್ಷೆ ಏಕೆ ಒಬ್ಬನೇ ರೋಗಿಯ ದೀರ್ಘ ಪ್ರಕರಣದ ಮೇಲೆ ನಡೆಸುವ ಪರೀಕ್ಷೆಗಿಂತ ನ್ಯಾಯಯುತ ಎಂಬುದಕ್ಕೆ ಎಲ್‌ಸ್ಟೈನ್ ತಂಡದ ಫಲಿತಾಂಶ ಸೈದ್ಧಾಂತಿಕ ಬೆಂಬಲವಾಯಿತು.

ಇಷ್ಟಾದರೂ ಇಂಥ ಕೆಲಸ ಮಾಡಿದವರ ಸ್ಥಾನಮಾನದ ಪ್ರಶ್ನೆ ಬಗೆಹರಿದಿರಲಿಲ್ಲ. 1990ರಲ್ಲಿ ಅಮೆರಿಕದ ಕಾರ್ನೆಗಿ ಪ್ರತಿಷ್ಠಾನದ ಅಧ್ಯಕ್ಷ ಅರ್ನೆಸ್ಟ್ ಬೋಯರ್, ಶೋಧನೆಯ ಜತೆಗೆ ಸಮನ್ವಯ, ಅನ್ವಯ ಮತ್ತು ಬೋಧನೆಯೂ ವಿದ್ವತ್ತಿನ ರೂಪಗಳೇ ಎಂದು ವಾದಿಸಿದರು. ವಾದವನ್ನು ಒಪ್ಪಿದವರೂ ಬಡ್ತಿ ಸಮಿತಿಯಲ್ಲಿ ಕೂತಾಗ ಬೋಧನೆಯನ್ನು ತೂಗುವ ತಕ್ಕಡಿ ಎಲ್ಲಿದೆ ಎಂದು ಕೇಳಿದರು. 1997ರಲ್ಲಿ ಚಾರ್ಲ್ಸ್ ಗ್ಲಾಸಿಕ್ ಮತ್ತು ಸಂಗಡಿಗರು ಸ್ಪಷ್ಟ ಗುರಿ, ತಕ್ಕ ಸಿದ್ಧತೆ, ಸೂಕ್ತ ವಿಧಾನ, ಮಹತ್ವದ ಫಲಿತಾಂಶ, ಪರಿಣಾಮಕಾರಿ ಮಂಡನೆ, ಆತ್ಮವಿಮರ್ಶೆ ಎಂಬ ಆರು ಮಾನದಂಡಗಳನ್ನು ಮುಂದಿಟ್ಟರು. ಶುಲ್ಮನ್ ಅವರದು ಇನ್ನೂ ಸರಳವಾದ ಒರೆಗಲ್ಲು: ಕೆಲಸ ಬಹಿರಂಗವಾಗಿರಬೇಕು, ಸಹತಜ್ಞರ ವಿಮರ್ಶೆಗೆ ಒಳಗಾಗಬೇಕು, ಇತರರು ಅದರ ಮೇಲೆ ಮುಂದುವರಿಯುವಂತಿರಬೇಕು. ಒಳ್ಳೆಯ ಪಾಠಕ್ಕೂ ಬೋಧನೆಯ ವಿದ್ವತ್ತಿಗೂ ಇರುವ ಗೆರೆ ಇಲ್ಲಿ ಸ್ಪಷ್ಟವಾಗುತ್ತದೆ.

ಈ ಕ್ಷೇತ್ರದ ಮೇಲಿನ ಆಕ್ಷೇಪಗಳೂ ಹುರುಳಿಲ್ಲದವಲ್ಲ. ಒಂದು ಕಾಲೇಜಿನ ಒಂದು ಕೋರ್ಸು, ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಇಷ್ಟವಾಯಿತೇ ಎಂಬ ಪ್ರಶ್ನಾವಳಿ, ಇಷ್ಟರಲ್ಲೇ ಮುಗಿಯುವ ಪ್ರಬಂಧಗಳು ಬೇಕಾದಷ್ಟಿವೆ. 1990ರಲ್ಲಿ ಮಿಲ್ಲರ್ ಅವರೇ ನಾಲ್ಕು ಹಂತಗಳ ಪಿರಮಿಡ್ಡೊಂದನ್ನು ಮಂಡಿಸಿ, ವಿಷಯ ತಿಳಿದಿರುವುದು, ಬಳಸುವ ಬಗೆ ತಿಳಿದಿರುವುದು, ಮಾಡಿ ತೋರಿಸುವುದು ಇವೆಲ್ಲಕ್ಕೂ ಮೇಲೆ, ಯಾರೂ ಪರೀಕ್ಷಿಸದ ದಿನನಿತ್ಯದ ವೃತ್ತಿಯಲ್ಲಿ ವೈದ್ಯ ಏನು ಮಾಡುತ್ತಾನೆ ಎಂಬುದನ್ನು ಇಟ್ಟಿದ್ದರು. ಬ್ಯಾರೋಸ್ ಮತ್ತು ಹಾರ್ಡನ್ ಅವರ ಸಾಧನಗಳು ಮುಟ್ಟುವುದು ಮೂರನೆಯ ಹಂತವನ್ನು. ಅಭಿನಯದ ರೋಗಿಗಳನ್ನು ಬಳಸುವ ಪರೀಕ್ಷೆ 2004ರಲ್ಲಿ ಅಮೆರಿಕದ ವೈದ್ಯ ಪರವಾನಗಿಯ ಭಾಗವಾಗಿ, ಕೋವಿಡ್ ಕಾಲದಲ್ಲಿ ನಿಂತು, 2021ರಲ್ಲಿ ಶಾಶ್ವತವಾಗಿ ರದ್ದಾಯಿತು. ವೆಚ್ಚಕ್ಕೆ ತಕ್ಕ ಪ್ರಯೋಜನವಿದೆಯೇ ಎಂಬ ಚರ್ಚೆ ಅದಕ್ಕೂ ಮೊದಲೇ ಕಾವೇರಿತ್ತು.

ನಾಲ್ಕನೆಯ ಹಂತದತ್ತ ಕೈಚಾಚಿದ ಅಧ್ಯಯನಗಳು ಕೆಲವೇ. ವೈದ್ಯೆ ಮ್ಯಾಕ್ಸೀನ್ ಪಾಪಡಾಕಿಸ್ ಮತ್ತು ತಂಡ 2005ರಲ್ಲಿ, ಪರವಾನಗಿ ಮಂಡಳಿಗಳಿಂದ ಶಿಸ್ತುಕ್ರಮಕ್ಕೆ ಒಳಗಾದ 235 ವೈದ್ಯರ ಕಾಲೇಜು ದಾಖಲೆಗಳನ್ನು ಇತರ 469 ವೈದ್ಯರ ದಾಖಲೆಗಳೊಂದಿಗೆ ಹೋಲಿಸಿ, ವಿದ್ಯಾರ್ಥಿ ದೆಸೆಯಲ್ಲೇ ದಾಖಲಾಗಿದ್ದ ಅನುಚಿತ ವರ್ತನೆಗೂ ಮುಂದಿನ ಶಿಸ್ತುಕ್ರಮಕ್ಕೂ ಬಲವಾದ ನಂಟಿದೆ ಎಂದು ತೋರಿಸಿತು. 2009ರಲ್ಲಿ ಡೇವಿಡ್ ಆಶ್ ಮತ್ತು ಸಹೋದ್ಯೋಗಿಗಳು ಫ್ಲೋರಿಡಾ ಮತ್ತು ನ್ಯೂಯಾರ್ಕ್ ರಾಜ್ಯಗಳ ಸುಮಾರು 49 ಲಕ್ಷ ಹೆರಿಗೆಗಳ ದಾಖಲೆಯನ್ನು ಜಾಲಾಡಿ, ಪ್ರಸೂತಿ ತಜ್ಞರು ತರಬೇತಿ ಪಡೆದ ಕಾರ್ಯಕ್ರಮಗಳನ್ನು, ಅಲ್ಲಿ ಕಲಿತವರು ನೋಡಿಕೊಂಡ ತಾಯಂದಿರಲ್ಲಿ ಕಂಡ ತೊಡಕುಗಳ ಪ್ರಮಾಣದ ಏರಿಕೆಯ ಕ್ರಮದಲ್ಲಿ ಐದು ಗುಂಪುಗಳಾಗಿ ವಿಂಗಡಿಸಿದರು. ಕೊನೆಯ ಗುಂಪಿನಲ್ಲಿ ಕಲಿತವರು ನೋಡಿಕೊಂಡ ತಾಯಂದಿರಲ್ಲಿ ಗಂಭೀರ ತೊಡಕುಗಳ ಪ್ರಮಾಣ, ಮೊದಲ ಗುಂಪಿನಲ್ಲಿ ಕಲಿತವರು ನೋಡಿಕೊಂಡವರಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚಿತ್ತು. ತರಬೇತಿಯ ಯಾವ ಅಂಶ ಈ ಅಂತರವನ್ನು ಉಂಟುಮಾಡುತ್ತದೆ ಎಂಬುದನ್ನು ಆ ದಾಖಲೆಗಳು ಹೇಳಲಾರವು. ಅದನ್ನು ಹುಡುಕಬೇಕಾದರೆ ಬ್ಯಾರೋಸ್ ಮಾಡಿದಂತೆ ಮತ್ತೆ ವಾರ್ಡಿಗೇ ಹೋಗಿ, ಯಾರು ಹೇಗೆ ಕಲಿಸುತ್ತಾರೆ ಮತ್ತು ವಿದ್ಯಾರ್ಥಿ ರೋಗಿಯ ಪಕ್ಕದಲ್ಲಿ ಏನು ಮಾಡುತ್ತಾನೆ ಎಂಬುದನ್ನು ನೋಡಬೇಕಾಗುತ್ತದೆ.