ಎ. ಆರ್. ರಾಜರಾಜವರ್ಮ: ವ್ಯಾಕರಣದ ಪಂಡಿತ, ಪ್ರಾಸದ ವಿರೋಧಿ

ಪರೀಕ್ಷೆಗೆ ಓದುವಾಗ, ಮಲಯಾಳಂನ ವ್ಯಾಕರಣಕಾರ ರಾಜರಾಜವರ್ಮ ಅಂದರೆ ‘ಕೇರಳ ಪಾಣಿನಿ’ ಎಂದು ಬರೆದುಕೊಂಡು ಮುಂದೆ ಹೋಗುವವರೇ ಜಾಸ್ತಿ. ಅಷ್ಟಕ್ಕೇ ಬಿಟ್ಟರೆ ಅವರ ಅರ್ಧ ಕೆಲಸ ಕೈತಪ್ಪುತ್ತದೆ.

ಹುಟ್ಟಿದ್ದು 1863ರಲ್ಲಿ, ಚಂಗನಾಶೇರಿಯ ಲಕ್ಷ್ಮೀಪುರಂ ಅರಮನೆಯಲ್ಲಿ. ವರಸೆಯಲ್ಲಿ ಸೋದರಮಾವನಾದ ಕೇರಳವರ್ಮ ವಲಿಯ ಕೋಯಿತಂಬುರಾನ್ ಆ ಕಾಲದ ದೊಡ್ಡ ಕವಿ, ಇವರಿಗೆ ಗುರು ಕೂಡ. ಮುಂದೆ ತಿರುವನಂತಪುರದ ಮಹಾರಾಜಾ ಕಾಲೇಜಿನಲ್ಲಿ ಪ್ರೊಫೆಸರ್ ಆದರು.

ಅವರ ಮಲಯಾಳಂ ವ್ಯಾಕರಣ ‘ಕೇರಳಪಾಣಿನೀಯಂ’ ಬಂದದ್ದು 1896ರಲ್ಲಿ. 1917ರಲ್ಲಿ ಅದನ್ನು ಪೂರ್ತಿ ತಿದ್ದಿ ಬರೆದರು. ತಮಿಳಿನಿಂದ ಮಲಯಾಳಂ ಹೇಗೆ ಬೇರೆಯಾಯಿತು ಎನ್ನುವುದಕ್ಕೆ ಅವರು ಆರು ‘ನಯ’ಗಳನ್ನು, ಅಂದರೆ ಬದಲಾವಣೆಯ ನಿಯಮಗಳನ್ನು, ಹೇಳುತ್ತಾರೆ. ಎರಡು ನೋಡೋಣ. ಒಂದು, ಅನುನಾಸಿಕಾತಿಪ್ರಸರ: ತಮಿಳಿನ ‘ಮಾಂಗಾಯ್’ ಮಲಯಾಳಂನಲ್ಲಿ ‘ಮಾಙ್ಙ’. ಮೂಗಿನ ಅಕ್ಷರ ಪಕ್ಕದ ವ್ಯಂಜನವನ್ನು ನುಂಗಿಬಿಟ್ಟಿದೆ. ಇನ್ನೊಂದು, ಪುರುಷಭೇದನಿರಾಸ: ಯಾರು ಮಾಡಿದರು ಎಂದು ತೋರಿಸುವ ಕ್ರಿಯಾಪದದ ಕೊನೆಯ ಪ್ರತ್ಯಯ ಬಿದ್ದುಹೋಗುವುದು. ನಾವು ಬಂದೆನು, ಬಂದೆ, ಬಂದನು ಅನ್ನುತ್ತೇವೆ. ಅಲ್ಲಿ ನಾನು ಬಂದರೂ ಅವನು ಬಂದರೂ ‘ವನ್ನು’, ಅಷ್ಟೇ.

ನನಗೆ ತುಂಬ ಇಷ್ಟವಾದದ್ದು ಪ್ರಾಸದ ಜಗಳ. ದ್ವಿತೀಯಾಕ್ಷರ ಪ್ರಾಸ ಅಂದರೆ ಹೆಚ್ಚುಕಡಿಮೆ ನಮ್ಮ ಆದಿಪ್ರಾಸವೇ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಮಾವ ಇದು ಬೇಕು ಎಂದರು. ಅಳಿಯ, ಪ್ರಾಸಕ್ಕಾಗಿ ಅರ್ಥ ಕೆಡಿಸಬೇಡಿ ಎಂದರು. ಕವಿ ಉಳ್ಳೂರ್ ಮಾವನ ಕಡೆ ನಿಂತರು. ಅಳಿಯನ ಕಡೆಯ ಕವಿ ಕೆ. ಸಿ. ಕೇಶವಪಿಳ್ಳೆ ಸುಮ್ನೆ ವಾದ ಮಾಡುತ್ತಾ ಕೂರಲಿಲ್ಲ, ‘ಕೇಶವೀಯಂ’ ಎಂಬ ಇಡೀ ಮಹಾಕಾವ್ಯವನ್ನೇ ಆ ಪ್ರಾಸವಿಲ್ಲದೆ ಬರೆದು ತೋರಿಸಿದರು. ಇಲ್ಲೊಂದು ವಿಷಯ ಗಮನಿಸಿ. ಅಲಂಕಾರಕ್ಕೆ ‘ಭಾಷಾಭೂಷಣಂ’, ಛಂದಸ್ಸಿಗೆ ‘ವೃತ್ತಮಂಜರಿ’ ಬರೆದುಕೊಟ್ಟವರೂ ರಾಜರಾಜವರ್ಮರೇ. ಪ್ರಾಸ ಕೂಡಿಸಲು ಬಾರದೆ ಬೇಡ ಅಂದವರಲ್ಲ! ಕನ್ನಡದಲ್ಲಿ ಮಂಜೇಶ್ವರದ ಗೋವಿಂದ ಪೈ ಪ್ರಾಸ ಬಿಟ್ಟದ್ದು 1911ರಲ್ಲಿ. ಎರಡೂ ಭಾಷೆಗಳಲ್ಲಿ ಸುಮಾರು ಒಂದೇ ಕಾಲದ ಗಲಾಟೆ ಇದು.

ಕವಿಯಾಗಿ ‘ಮಲಯವಿಲಾಸಂ’ ಬರೆದರು, ಕಾಳಿದಾಸನ ಮೇಘದೂತ, ಕುಮಾರಸಂಭವ, ಶಾಕುಂತಲಗಳನ್ನು ಅನುವಾದಿಸಿದರು. ನನ್ನ ಮಟ್ಟಿಗೆ ಇವುಗಳಿಗಿಂತ ದೊಡ್ಡದು ಮಲಯಾಳಂ ಕವಿ ಕುಮಾರನ್ ಆಶಾನರ ‘ನಳಿನಿ’ ಕಾವ್ಯಕ್ಕೆ 1911ರಲ್ಲಿ ಅವರು ಬರೆದ ಮುನ್ನುಡಿ. ಹೊಸ ಬಗೆಯ ಆ ಕಾವ್ಯದ ಬೆನ್ನಿಗೆ ಇಂಥ ಪಂಡಿತರೊಬ್ಬರು ನಿಂತದ್ದು ಸಣ್ಣ ಮಾತಲ್ಲ, ಅಲ್ವಾ? 1918ರಲ್ಲಿ ಅವರು ತೀರಿಕೊಂಡಾಗ ಆಶಾನ್ ‘ಪ್ರರೋದನಂ’ ಎಂಬ ಶೋಕಕಾವ್ಯ ಬರೆದರು. ಹಾಗಾಗಿ ಪರೀಕ್ಷೆಯಲ್ಲಿ ಆಶಾನ್ ಮೇಲೆ ಪ್ರಶ್ನೆ ಬಂದರೂ ಈ ಹೆಸರು ಬೇಕಾಗುತ್ತದೆ.